ಗಂಧಕಕ್ಕೆ ಕೈ ಮುಗಿದವರು

ನನ್ನ ಕೋಟು ಎಷ್ಟು ಒಗೆದರೂ ಗಂಧಕ ನಾರುತ್ತದೆ. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡು ಆಚೆ ಸರಿಯುತ್ತಾರೆ. ಸರಿಯಲಿ, ನನಗೂ ಕಾಲು ಚಾಚಲು ಜಾಗವಾಗುತ್ತದೆ.

ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಪುಣೆಯಲ್ಲಿ ಬೆಳೆಗಳ ರೋಗ ಓದಿ, ಗಡಹಿಂಗ್ಲಜದ ಹಳ್ಳಿಗಳಲ್ಲಿ ಜೋಳದ ಬೀಜಕ್ಕೆ ಗಂಧಕ ಹಚ್ಚಿಸುವ ನೌಕರಿ ಹಿಡಿದವನು ನಾನು. ಕಾಡಿಗೆ ರೋಗ ಬಂದ ತೆನೆಯಲ್ಲಿ ಕಾಳಿರುವುದಿಲ್ಲ, ಬರೀ ಕರಿ ಪುಡಿ. ಅದು ಬೀಜಕ್ಕಂಟಿಕೊಂಡೇ ಮುಂದಿನ ವರ್ಷಕ್ಕೆ ದಾಟುತ್ತದೆ. ಬಿತ್ತುವ ಮುಂಚೆ ಬೀಜವನ್ನು ಗಡಿಗೆಗೆ ಹಾಕಿ, ಗಂಧಕದ ಪುಡಿ ಉದುರಿಸಿ, ಚೆನ್ನಾಗಿ ಕುಲುಕಿದರೆ ಆಯಿತು. ಇಷ್ಟು ಕಲಿಯಲು ಪುಣೆಗೇಕೆ ಹೋದೆ ಎಂದು ಅಪ್ಪ ಸಾಯುವವರೆಗೂ ಕೇಳುತ್ತಿದ್ದ.

ಎರಡನೆಯ ಮಹಾಯುದ್ಧ ಶುರುವಾಗುವ ಮೊದಲಿನ ಮಾತು. ನಮ್ಮೂರಿನವರೇ ಗಂಧಕ ಮುಟ್ಟಲೊಲ್ಲರು. ಪಟಾಕಿಯಲ್ಲಿ ತುಂಬುವ ಪುಡಿಯನ್ನು ಬೀಜಕ್ಕೆ ಬಳಿಯುವುದೇ? ಕೊನೆಗೆ ನನ್ನ ದೊಡ್ಡವ್ವ ಬಾಳವ್ವ, ಕುಲುಕಿದ ಗಡಿಗೆಯನ್ನು ನಮ್ಮ ಕುಲದೇವರು ಬೀರಪ್ಪನ ಮುಂದಿಟ್ಟು, ದೇವರ ಭಂಡಾರದ ಅರಿಶಿನದಂತೆಯೇ ಹಳದಿಯಾಗಿದ್ದ ಆ ಪುಡಿಯನ್ನು ಒಂದು ಚಿಟಿಕೆ ಹಣೆಗೆ ಹಚ್ಚಿಕೊಂಡಳು. ಮರುದಿನ ಊರಿಗೆ ಊರೇ ಗಡಿಗೆ ಹೊತ್ತು ಗುಡಿಗೆ ಬಂತು. ಬರಲಿ ಎಂದೆ. ಬೀಜಕ್ಕೆ ಗಂಧಕ ಹತ್ತಿದರೆ ಸಾಕು, ಯಾರ ಹೆಸರಿನಲ್ಲಿ ಹತ್ತಿತೆಂದು ಕಾಡಿಗೆ ರೋಗ ವಿಚಾರಿಸುವುದಿಲ್ಲ.

ನಮ್ಮ ಸಾಹೇಬರು ಮಾತ್ರ ವಿಚಾರಿಸಿದರು. ತಪಾಸಣೆಗೆ ಬಂದವರು ಗುಡಿಯ ಮುಂದಿನ ಗಡಿಗೆಗಳನ್ನು ಕಂಡು ಕೆಂಡವಾದರು. ವಿಜ್ಞಾನ ಕಲಿಸಲು ಕಳಿಸಿದರೆ ಪೂಜಾರಿಕೆ ಮಾಡುತ್ತೀಯಾ, ಈ ಪೂಜೆ ನಿಲ್ಲಿಸು, ಇಲ್ಲವಾದರೆ ಈ ಊರಿನಲ್ಲಿ ನಿನಗೆ ಕೆಲಸವಿಲ್ಲ ಎಂದರು.

ಬಾಳವ್ವ ನಡುವೆ ಬಂದಳು. "ಇದು ಗಂಧಕ ಅಂತ ನಮಗೂ ಗೊತ್ತೈತ್ರಿ ಸಾಹೇಬ್ರ. ನಮಗೇನು ಮೂಗಿಲ್ಲೇನ್ರಿ? ಬೀಜ ಉಳಸೂದಕ್ಕ ಕೈ ಮುಗಿದ್ರ ನಿಮ್ಮ ಗಂಟೇನು ಹೋಗ್ತೈತಿ?"

ನಾನೂ ಸುಮ್ಮನಿರಲಿಲ್ಲ. ಹಳೆಯ ವೈದ್ಯರು ಗಂಧಕವನ್ನು ಗೌರೀಬೀಜ ಎನ್ನುತ್ತಾರೆ, ಪಾರ್ವತಿಯಿಂದ ಹುಟ್ಟಿದ್ದಂತೆ. ಅದನ್ನೂ ಹೇಳಿ, "ಪೂಜಿ ನಿಲ್ಲಸಾಂಗಿಲ್ರಿ. ಅದು ನಿಂತ್ರ ಗಂಧಕಾನೂ ನಿಲ್ತೈತಿ" ಎಂದೆ. ಸಾಹೇಬರು ನನ್ನ ಹೆಸರು ಬರೆದುಕೊಂಡು ಹೊರಟರು.

ಬಿತ್ತನೆ ಮುಗಿಯುವ ಮೊದಲೇ ನನ್ನನ್ನು ಆಜರಾಕ್ಕೆ ಎತ್ತಿಹಾಕಿದರು. ಅದು ಭತ್ತದ ಸೀಮೆ, ನನ್ನ ಗಂಧಕಕ್ಕೆ ಅಲ್ಲಿ ಕೇಳುವವರಿಲ್ಲ. ನನಗೆ ಬುದ್ಧಿ ಬರಲೆಂದೇ ಕಳಿಸಿದ್ದರು. ಬಂತು. ಬಸ್ಸಿಳಿದವನೇ ಎದುರಿಗೆ ಸಿಕ್ಕ ಗದ್ದೆಯವನನ್ನು ತಡೆದು, ನೀವು ಯಾವ ದೇವರಿಗೆ ನಡೆದುಕೊಳ್ಳುತ್ತೀರಿ ಎಂದು ಕೇಳಿದೆ. ಭತ್ತಕ್ಕೇನು ರೋಗ ಎಂದು ಆಮೇಲೆ ಕೇಳಿದೆ.