ಮರಿ ಕಾಯುವ ಮೀನು

ಇಪ್ಪತ್ತರ ದಶಕದಲ್ಲಿ ನಾನು ಬೆಳಗಾವಿಯ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನನಾಗಿದ್ದೆ. ಇಂಗ್ಲಿಷು ಚೆನ್ನಾಗಿ ಬರುತ್ತಿತ್ತೆಂದು ನಮ್ಮ ಬಿಳಿ ಸಾಹೇಬರು ಹೋದಲ್ಲೆಲ್ಲ ನನ್ನನ್ನು ದುಭಾಷಿಯಾಗಿ ಕರೆದೊಯ್ಯುತ್ತಿದ್ದರು. ಅವರಿಗೆ ಗಾಳ ಹಾಕುವ ಹುಚ್ಚು. ಖಾನಾಪುರದ ಆಚೆ ಕಾಡಂಚಿನ ಕೆರೆಯಲ್ಲಿ ಭಾರಿ ಕೊರವ ಮೀನುಗಳಿವೆಯೆಂದು ಒಂದು ಮಳೆಗಾಲದಲ್ಲಿ ಯಾರೋ ಅವರ ಕಿವಿಗೆ ಹಾಕಿದರು. ಆ ಕೆರೆಯನ್ನು ಬಲ್ಲವನೊಬ್ಬನನ್ನು ಗೊತ್ತು ಮಾಡಿಕೊಂಡು ಬರಲು ನನಗೆ ಹೇಳಿದರು.

ನಮ್ಮದು ಲಿಂಗಾಯತರ ಮನೆ. ಮೀನಿನ ವಿಷಯ ನನಗೆ ಏನೇನೂ ತಿಳಿಯದು. ಬೆಳಗಿನ ರೈಲಿಗೆ ಖಾನಾಪುರಕ್ಕೆ ಹೋಗಿ ಕೇಳಿದೆ. ಎಲ್ಲರೂ ಒಬ್ಬ ಅಂಬಿಗನ ಹೆಸರನ್ನೇ ಹೇಳಿದರು. ಐವತ್ತು ದಾಟಿದ ಆಳು, ತನ್ನ ಮನೆಯ ಕಟ್ಟೆಯ ಮೇಲೆ ಕೂತು ಹರಿದ ಬಲೆ ಹೊಲಿಯುತ್ತಿದ್ದ.

"ಬರ್ರಿ, ಕುಂದರ್ರಿ," ಎಂದ. ನಾನು ಬಂದ ಕೆಲಸ ಹೇಳಿದ ಮೇಲೆ ಸೂಜಿಯನ್ನು ಬಲೆಗೆ ಸಿಕ್ಕಿಸಿ ಪಕ್ಕಕ್ಕಿಟ್ಟ. "ಕರಕೊಂಡ ಹೋಗ್ತೀನ್ರಿ. ಖರೇ, ಒಂದ ಮಾತು. ಇದು ಕೊರವ ಮರಿ ಕಾಯೂ ಹೊತ್ತು. ನೀರಿನ ಮ್ಯಾಲ ಕೆಂಪನ ಮರಿ ಹಿಂಡು ಕಂಡ್ರ ಅಲ್ಲಿ ಗಾಳ ಹಾಕಬಾರದು. ತೆಳಗ ತಾಯಿ ಇರ್ತೈತಿ. ಮರಿ ಹತ್ರ ಏನ ಬಂದ್ರೂ ಸಿಟ್ಟಿಲೆ ಬಾಯಿ ಹಾಕ್ತೈತಿ. ಅಂಥಾದ್ದನ್ನ ಹಿಡಿಯೂದು ಬ್ಯಾಟಿ ಅಲ್ರಿ. ಸಾಹೇಬ್ರಿಗೆ ಮೊದಲ ಹೇಳಿಬಿಡ್ರಿ."

"ಹೇಳ್ತೀನಿ," ಎಂದೆ.

ಹೇಳಲಿಲ್ಲ. ಹೇಳಿದರೆ ಮಳೆ ಮುಗಿದ ಮೇಲೆ ಹೋಗೋಣ ಎಂದುಬಿಟ್ಟಾರು ಎಂಬ ಅಂಜಿಕೆ. ನನ್ನ ಬಡ್ತಿಯ ಕಾಗದ ಅವರ ಮೇಜಿನ ಮೇಲಿತ್ತು. ಅವರ ಮನಸ್ಸು ಖುಷಿಯಾಗಿರಲಿ ಎಂಬುದಷ್ಟೇ ಆಗ ನನ್ನ ಲೆಕ್ಕಾಚಾರ.

ಮುಂದಿನ ಭಾನುವಾರ ಸಾಹೇಬರ ಮೋಟಾರಿನಲ್ಲಿ ಹೊರಟೆವು. ಪೀರನವಾಡಿ ದಾಟುವುದರೊಳಗೆ ಎರಡು ಸಲ ಕೆಸರಿನಲ್ಲಿ ಇಳಿದು ತಳ್ಳಬೇಕಾಯಿತು. ಖಾನಾಪುರದಲ್ಲಿ ಅಂಬಿಗ ಜೊತೆಯಾದ. ಅಲ್ಲಿಂದ ಕೆರೆಗೆ ಕಾಲುದಾರಿ.

ಸಾಹೇಬರಿಗೂ ಅಂಬಿಗನಿಗೂ ಹೇಗೆ ಹೊಂದಿತೋ ಕಾಣೆ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಅಂಬಿಗ ಗಾಳಿ ಬೀಸುವ ದಿಕ್ಕಿಗೆ ಕೈಮಾಡಿದರೆ ಸಾಹೇಬರು ತಲೆಯಾಡಿಸಿ ಜಾಗ ಬದಲಿಸುವರು. ಸಾಹೇಬರು ತಮ್ಮ ಗಾಳದ ಕೋಲನ್ನು ಅವನ ಕೈಗೆ ಕೊಟ್ಟರು. ಅದು ಬಾಗುವ ಪರಿ ನೋಡಿ ಅವನು ಬಾಯ್ತುಂಬ ನಕ್ಕ. ಬೆಳಗಿನಲ್ಲಿ ತಾವರೆ ಎಲೆಗಳ ಸಂದಿನಲ್ಲಿ ಎರಡು ಮೀನು ಸಿಕ್ಕವು. ನಾನು ಸುಮ್ಮನೆ ದಡದಲ್ಲಿ ಕೂತಿದ್ದೆ.

ಮಧ್ಯಾಹ್ನದ ಹೊತ್ತಿಗೆ, ದಡದಿಂದ ಹತ್ತು ಮಾರು ಆಚೆ, ಕುಂಕುಮ ಕದಡಿದಂತೆ ನೀರಿನ ಮೇಲೆ ಕೆಂಪು ಕಂಡಿತು. ಅಂಬಿಗ ಸಾಹೇಬರ ಮುಂದೆ ಕೈ ಅಡ್ಡ ಹಿಡಿದು ನನ್ನತ್ತ ತಿರುಗಿದ. "ಅದ ನೋಡ್ರಿ. ಮತ್ತೊಮ್ಮೆ ಹೇಳ್ರಿ ಅವರಿಗೆ."

"ಏನಂತೆ?" ಎಂದು ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದರು.

ಈಗ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. "ದೊಡ್ಡ ಮೀನು ಅಲ್ಲೇ ಇದೆಯಂತೆ," ಎಂದೆ.

ಸಾಹೇಬರು ಗಾಳ ಬೀಸಿದರು. ಅದು ನೀರಿಗೆ ಬಿದ್ದದ್ದೇ ತಡ, ತಾಯಿ ಮೀನು ಎಗರಿ ಕಚ್ಚಿತು. ದಡಕ್ಕೆ ಎಳೆದಾಗ ನನ್ನ ತೋಳಿಗಿಂತ ಉದ್ದವಿತ್ತು. ಅತ್ತ ಮರಿಗಳು ಚದುರಿದವು. ಎಲ್ಲಿದ್ದವೋ, ಬೇರೆ ಮೀನುಗಳು ನುಗ್ಗಿ ಅವನ್ನು ನುಂಗತೊಡಗಿದವು. ಅಂಬಿಗ ಸೊಂಟಮಟ್ಟದ ನೀರಿಗಿಳಿದು ತಲೆಯ ರುಮಾಲಿನಿಂದ ನೀರು ಬಡಿದು ಆ ಮೀನುಗಳನ್ನು ಓಡಿಸಲು ನೋಡಿದ. ಆಗಲಿಲ್ಲ.

ಮೇಲೆ ಬಂದು ಕೇಳಿದ: "ನೀವು ಅವರಿಗೆ ಹೇಳಿದ್ರಿ, ಹೌದಲ್ರಿ?"

"ಹೇಳಿದೆ. ಅವರು ಕೇಳಲಿಲ್ಲ."

ಆಮೇಲೆ ಅವನು ಸಾಹೇಬರ ಮುಖ ನೋಡಲಿಲ್ಲ. ಬೀಳ್ಕೊಡುವಾಗ ಸಾಹೇಬರು ಕೈ ಚಾಚಿದರು. ಅವನು ನೆಲ ನೋಡುತ್ತ ಕೈಮುಗಿದ. "ನನ್ನಿಂದ ಏನಾದರೂ ತಪ್ಪಾಯಿತೇ?" ಎಂದು ಅವರು ಮೋಟಾರಿನಲ್ಲಿ ಕೇಳಿದರು. "ದಣಿದಿದ್ದಾನೆ," ಎಂದೆ.

ಮಳೆಗಾಲ ಮುಗಿದ ಮೇಲೆ ಅವನನ್ನೇ ಕರೆತರಲು ಸಾಹೇಬರು ನನ್ನನ್ನು ಕಳಿಸಿದರು. "ಆ ಮನಷ್ಯಾನ ಜೋಡಿ ನಾ ಬರಾಂಗಿಲ್ರಿ," ಎಂದುಬಿಟ್ಟ. ಅವನಿಗೆ ಜ್ವರವೆಂದು ನಾನು ಸಾಹೇಬರಿಗೆ ತಿಳಿಸಿದೆ. ಅವರು ಕ್ವಿನೈನ್ ಗುಳಿಗೆಯ ಬಾಟಲಿ ಕೊಟ್ಟು ಕಳಿಸಿದರು. ಅದು ನನ್ನ ಟ್ರಂಕಿನಲ್ಲೇ ಉಳಿಯಿತು. ನನಗೆ ಬಡ್ತಿಯೂ ಸಿಕ್ಕಿತು.

ಮರುವರ್ಷ ಸಾಹೇಬರು ಸ್ವದೇಶಕ್ಕೆ ಹೊರಟರು. ಗಾಳದ ನೂಲಿನ ಹೊಸ ಉಂಡೆಯೊಂದನ್ನು ನನ್ನ ಕೈಗಿತ್ತು, "ಇದನ್ನು ಖಾನಾಪುರದವನಿಗೆ ಮುಟ್ಟಿಸು. ನೀರನ್ನು ಅಷ್ಟು ಬಲ್ಲವನನ್ನು ನಾನು ಕಂಡಿಲ್ಲ," ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಅವರು ಹಡಗು ಹತ್ತಿದರೆಂಬ ಸುದ್ದಿ ಬಂದ ಮೇಲಷ್ಟೇ ನನಗೆ ಧೈರ್ಯ ಬಂತು. ಖಾನಾಪುರಕ್ಕೆ ಹೋಗಿ ಅಂಬಿಗನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ.

ಬೈಯುತ್ತಾನೆಂದು ಕಾದೆ. ಅವನು ನೂಲಿನ ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅಂದ್ರ, ಅವರಿಗೆ ಗೊತ್ತ ಇರಲಿಲ್ಲ?"

"ಇರಲಿಲ್ಲ."

"ನಾ ಅವರಿಗೆ ಮಾರಿ ತಿರುವಿದ್ನೆಲ್ರಿ." ಉಂಡೆಯನ್ನು ಮಡಿಲಲ್ಲಿಟ್ಟುಕೊಂಡು, "ಅವರಿಗೆ ಒಂದ ಕಾಗದ ಬರೀರಿ," ಎಂದ. "ಸಿಟ್ಟ ಇತ್ತು, ಈಗಿಲ್ಲ ಅಂತ ಬರೀರಿ. ಯಾಕ ಸಿಟ್ಟ ಬಂತು ಅನ್ನೂದನ್ನೂ ಬರೀರಿ. ಈ ಸಲ ನಾ ಹೇಳಿದ್ದಷ್ಟ ಬರೀರಿ."

ಅವನ ಕಟ್ಟೆಯ ಮೇಲೆ ಕೂತು, ಅವನು ಹೇಳಿದ ಒಂದು ಮಾತನ್ನೂ ಬಿಡದೆ ಇಂಗ್ಲಿಷಿನಲ್ಲಿ ಬರೆದೆ. ಸಾಹೇಬರ ಊರಿನ ವಿಳಾಸ ಕಚೇರಿಯಲ್ಲಿ ಯಾರ ಬಳಿಯೂ ಇರಲಿಲ್ಲ. ಮುಂಬಯಿಯ ದೊಡ್ಡ ಕಚೇರಿಗೆ ಕಳಿಸಿ, ಅವರಿಗೆ ಮುಟ್ಟಿಸಿರೆಂದು ಕೇಳಿಕೊಂಡೆ. ಉತ್ತರವೇನೂ ಬರಲಿಲ್ಲ.