ಗಾಳಿ ಸಾಲದ ಗುಲಾಬಸಾಬ

ಹಳೇ ಹುಬ್ಬಳ್ಳಿಯ ಗುಲಾಬಸಾಬ ಹತ್ತಿ ಹಿಂಜಿ ಗಾದಿ ಮಾಡುವವನು. ಆ ಕಸಬಿಗೆ ಗಾಳಿಯೇ ವೈರಿ. ಒಂದು ಸುಳಿ ಒಳಗೆ ನುಸುಳಿದರೂ ಹಿಂಜಿದ ಹತ್ತಿ ಮನೆ ತುಂಬ ಹಾರಾಡುತ್ತದೆ. ಹಾಗಾಗಿ ಅವನ ಅಪ್ಪ, ಅಜ್ಜ ಎಲ್ಲರೂ ಬಾಗಿಲು ಹಾಕಿಕೊಂಡೇ ಹತ್ತಿ ಹಿಂಜುವ ಬಿಲ್ಲು ಮಿಡಿದವರು. ಇವನೂ ಹಾಗೇ ಮಿಡಿಯುತ್ತ ತಲೆ ನರೆಸಿಕೊಂಡ.

ಉಪ್ಪಿನ ಸತ್ಯಾಗ್ರಹದ ವರ್ಷ ಮಗಳು ತಾಜಬಿಗೆ ಧಾರವಾಡದ ವರ ಗೊತ್ತಾಯಿತು. ಅವಳ ಮದುವೆಯ ಗಾದಿಗೆಂದು ಒಳ್ಳೆಯ ಹತ್ತಿ ತೆಗೆದಿಟ್ಟು ಹಿಂಜಲು ಕುಳಿತ ದಿನವೇ ಅದು ಬಂತು. ಎದೆ ಡವಡವ ಹೊಡೆದುಕೊಂಡಿತು, ಕೈಕಾಲು ತಣ್ಣಗಾದವು, ಈಗ ಸತ್ತೆ ಎನಿಸಿತು. ಬಿಲ್ಲು ಒಗೆದು ಅಂಗಳಕ್ಕೆ ಓಡಿಬಂದು, “ಗಾಳಿ... ಗಾಳಿ ಸಾಲವಲ್ದು...” ಎಂದ.

ಪಾಪ, ಅವನು ಬೇಡಿದ್ದು ಉಸಿರಾಡುವ ಗಾಳಿ. ಹೆಂಡತಿ ರಸೂಲಬಿಗೆ ಕೇಳಿಸಿದ್ದು ದೆವ್ವದ ಗಾಳಿ. ನಮ್ಮ ಕಡೆ ಎರಡಕ್ಕೂ ಒಂದೇ ಮಾತು, ಏನು ಮಾಡುವುದು! ದರ್ಗಾದಿಂದ ತಾಯತ ಬಂತು. ಇದ್ದೊಂದು ಕಿಟಕಿಗೂ ಗೋಣಿತಟ್ಟು ಬಡಿದು, ಲೋಬಾನದ ಹೊಗೆ ಹಾಕಿ, ಅವನನ್ನು ಒಳಗೆ ಕೂಡಿಸಿದರು. ಅವನು ಒದ್ದಾಡಿದಷ್ಟೂ ಗಾಳಿ ಬಿಟ್ಟು ಹೋಗುತ್ತಿದೆ ಎಂದು ಹಿಗ್ಗಿದರು. ಅದು ಹೋಗಲಿಲ್ಲ, ಮೇಲಿಂದ ಮೇಲೆ ಬರತೊಡಗಿತು.

ಮದುವೆಯೊಳಗೆ ನೆಟ್ಟಗಾಗಬೇಕು ಎಂಬುದೊಂದೇ ಅವನ ಆಸೆ. ಹಠ ಹಿಡಿದು ರೈಲು ಹತ್ತಿ ಧಾರವಾಡದ ಒಬ್ಬ ಡಾಕ್ಟರ ಬಳಿಗೆ ಹೋದ. ರಸೂಲಬಿಯೂ ಬೆನ್ನು ಹತ್ತಿದಳು. ಡಾಕ್ಟರು ಎದೆಗೆ ನಳಿಗೆ ಇಟ್ಟು ನೋಡಿದರು.

“ಎದಿ ಗಟ್ಟಿ ಐತಿ. ಏನಾಗತೈತಿ ಹೇಳು.”

ಅಂಜಿಕೆ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಮೀಸೆ ಹೊತ್ತ ಗಂಡಸು ಮಂದಿಯೆದುರು ಹೇಗೆ ಹೇಳಿಯಾನು? ಅವನು ತಡವರಿಸುವಷ್ಟರಲ್ಲಿ ರಸೂಲಬಿ, “ಗಾಳಿ ಬಡದೈತ್ರಿ ಸಾಹೇಬ್ರ” ಎಂದುಬಿಟ್ಟಳು.

ಡಾಕ್ಟರು ನಕ್ಕರು. “ಹಂಗಾದ್ರ ನನ್ನ ಹಂತ್ಯಾಕ ಯಾಕ ಬಂದ್ರಿ? ದರ್ಗಾಕ್ಕ ಹೋಗ್ರಿ.”

ಬಾಗಿಲ ಬಳಿ ಕಾದವರಲ್ಲಿ ವರನ ಸೋದರಮಾವ ಶಾಬುದ್ದೀನನೂ ಇದ್ದ, ಕಿವಿ ನೆಟ್ಟಗೆ ಮಾಡಿಕೊಂಡು. ವಾರ ಕಳೆಯುವುದರೊಳಗೆ ವರನ ಕಡೆಯವರು ಹೇಳಿ ಕಳಿಸಿದರು: “ಗಾಳಿ ಬಡದ ಮನಿ ಹೆಣ್ಣು ನಮಗ ಬ್ಯಾಡ.”

ತಾಜಬಿ ಅಳಲಿಲ್ಲ. ಅಪ್ಪ ಅವಳ ಮುಖ ನೋಡಲಿಲ್ಲ. ಆದರೆ ಹೊಟ್ಟೆ ಕೇಳಬೇಕಲ್ಲ, ಮತ್ತೆ ಬಾಗಿಲು ಹಾಕಿಕೊಂಡು ಕುಳಿತ. ಮದುವೆಗೆ ತೆಗೆದಿಟ್ಟ ಹತ್ತಿ ಈಗ ಯಾರದೋ ಮನೆಯ ಗಾದಿಗೆ ಹೊರಟಿತ್ತು. ಅರ್ಧ ಹಿಂಜುವಷ್ಟರಲ್ಲಿ ಎದೆ ಹೊಡೆದುಕೊಂಡು ಬಿಲ್ಲು ಕೈಜಾರಿತು. ತಾಜಬಿ ಎದ್ದು ಬಾಗಿಲನ್ನು ಪೂರಾ ತೆರೆದಳು, ಕಿಟಕಿಯ ಗೋಣಿತಟ್ಟು ಕಿತ್ತೆಸೆದಳು. ಗಾಳಿ ನುಗ್ಗಿತು. ಹಿಂಜಿದ ಹತ್ತಿಯೆಲ್ಲ ಎದ್ದು ಬೀದಿಗೆ ಹಾರಿತು.

“ಈಗ ಸಾಕಾತೇನಪಾ ಗಾಳಿ?” ಎಂದಳು.

ಅವನು ಎದೆ ತುಂಬ ಉಸಿರೆಳೆದುಕೊಂಡ. ಇಷ್ಟು ದಿನದಲ್ಲಿ ಅವನ ಮಾತು ತಿಳಿದವಳು ಇವಳೊಬ್ಬಳೇ. ಅವಳ ಬಾಳನ್ನೇ ಆ ಮಾತು ಹಾಳು ಮಾಡಿತ್ತು. ಗುಲಾಬಸಾಬ ಬಿಕ್ಕಿ ಬಿಕ್ಕಿ ಅತ್ತ.

“ಬಾಗಲಾ ಹಾಕವಾ,” ಎಂದ. “ಹತ್ತಿ ಹೊಂಟೈತಿ.”