ಉನಿಗಳ್ಳರ ಕಾವಲುಗಾರ

ಹೊಕ್ಕಾಯ್ಡೊದ ಪೂರ್ವ ತುದಿಯಲ್ಲಿರುವ ನಮ್ಮೂರಿನ ಭೂಶಿರಕ್ಕೆ ಕಡಲ ನೀರುನಾಯಿಗಳು ಮರಳಿ ಬಂದಾಗ ಎಲ್ಲರಿಗಿಂತ ಹೆಚ್ಚು ಕೊರಗಿದವನು ಇವಾಓ. ಅಪ್ಪ ಸತ್ತಾಗಲೂ ಅವನು ಅಷ್ಟು ಕೊರಗಿರಲಿಲ್ಲ. ಅಪ್ಪ ಅವನಿಗೆ ದೋಣಿ ಬಿಟ್ಟು ಹೋಗಿದ್ದ; ಇವು ಆ ದೋಣಿಗೆ ಕೆಲಸವೇ ಇಲ್ಲದಂತೆ ಮಾಡಿದವು.

ಇವಾಓ ಹಿಡಿಯುತ್ತಿದ್ದದ್ದು ಉನಿ. ಬಂಡೆಗಂಟಿ ಬದುಕುವ, ಮುಳ್ಳಿನ ಚೆಂಡಿನಂಥ ಕಡಲಜೀವಿ ಅದು. ಒಡೆದರೆ ಒಳಗೆ ಹಳದಿ ತಿರುಳು. ಟೋಕಿಯೊದ ಶ್ರೀಮಂತರು ಅದನ್ನು ಒಂದು ತುತ್ತು ಅನ್ನದ ಮೇಲಿಟ್ಟು ಕಣ್ಣು ಮುಚ್ಚಿ ತಿನ್ನುತ್ತಾರೆ, ರುಚಿಗೋ ಬೆಲೆ ನೆನಪಾಗಿಯೋ ಗೊತ್ತಿಲ್ಲ. ನೀರುನಾಯಿಗೆ ಈ ಶಿಷ್ಟಾಚಾರವೆಲ್ಲ ಇಲ್ಲ. ನೀರಿನ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲಿನ ಕಲ್ಲಿಗೆ ಉನಿಯನ್ನು ಕುಟ್ಟಿ ತಿಂದು ಮುಗಿಸುತ್ತದೆ.

ಉನಿ ಮೇಯುವುದು ಕಡಲಪಾಚಿಯನ್ನು. ಇವಾಓನ ಹೆಂಡತಿ ಫುಮಿಯೊಗೆ ಪಾಚಿ ಒಣಗಿಸುವುದು ತವರಿನಿಂದ ಬಂದ ಕಸುಬು. ಅವಳ ತಮ್ಮ ದೋಣಿಯಲ್ಲಿ ತಂದು ಸುರಿದ ಉದ್ದುದ್ದ ಪಟ್ಟಿಗಳನ್ನು ಇವಳು ಬೆಣಚುಕಲ್ಲಿನ ಅಂಗಳದಲ್ಲಿ ಹಾಸಿ ಒಣಗಿಸುತ್ತಾಳೆ. ಉನಿ ಕಡಿಮೆಯಾದಂತೆ ಪಾಚಿ ಕಾಡಿನಂತೆ ಬೆಳೆಯಿತು. ಒಂದೇ ಪ್ರಾಣಿ ಒಂದೇ ಮನೆಯಲ್ಲಿ ಗಂಡನಿಗೆ ಕಳ್ಳ, ಹೆಂಡತಿಗೆ ತೋಟದ ಆಳು.

"ನಿನ್ನ ತವರಿನವರೇ ಕಳಿಸಿರ್ಬೇಕು ಇವನ್ನ," ಎಂದು ಇವಾಓ ಹಲ್ಲು ಕಡಿದ.

"ಹೂಂ ರೀ, ಮದುವೇಲಿ ಕೊಡೋಕೆ ಮರೆತಿದ್ರಂತೆ," ಎಂದಳು ಫುಮಿಯೊ, ತಲೆಯೆತ್ತದೆ.

ಕಾನೂನಿನ ಪ್ರಕಾರ ನೀರುನಾಯಿಯ ಮೈ ಮುಟ್ಟುವಂತಿಲ್ಲ. ಬೈಯುವಂತಿಲ್ಲ ಎಂದು ಮಾತ್ರ ಎಲ್ಲೂ ಬರೆದಿಲ್ಲ. ಹಾಗಾಗಿ ಇವಾಓ ದಿನಾ ಬೆಳಿಗ್ಗೆ ದುರ್ಬೀನು ಮತ್ತು ಒಂದು ತೂತು ಬಾಣಲೆ ಹಿಡಿದು ಕಡಿದಾದ ಬಂಡೆಯ ತುದಿಗೆ ಬರತೊಡಗಿದ. ಬಾಣಲೆ ಬಡಿಯುವುದು, ಬೈಯುವುದು, ಮತ್ತೆ ಬಡಿಯುವುದು. ನೀರುನಾಯಿಗಳು ಒಮ್ಮೆ ತಲೆಯೆತ್ತಿ ನೋಡಿ ಹೊಟ್ಟೆ ಕೆರೆದುಕೊಳ್ಳುತ್ತಿದ್ದವು. ಊಟಕ್ಕೆ ಕರೆಯುತ್ತಿದ್ದಾನೆ ಎಂದುಕೊಂಡವೋ ಏನೋ. ದಪ್ಪನೆಯ ಹೆಣ್ಣೊಂದಕ್ಕೆ ಅವನು 'ತೆರಿಗೆ' ಎಂದು ಹೆಸರಿಟ್ಟ. ಅದು ಮರಿ ಹಾಕಿದಾಗ ಮರಿಗೆ 'ಬಡ್ಡಿ' ಎಂದ.

ಅದೇ ಬಂಡೆಯ ಮೇಲೆ ನನ್ನ ನೂಡಲ್ಸ್ ಅಂಗಡಿಯಿದೆ. ಅಲ್ಲಿಗೆ ಒಲೆಯ ಹೊಗೆಕೊಳವೆಯಷ್ಟು ಉದ್ದದ ಕ್ಯಾಮೆರಾ ಹೊತ್ತ ಜನ ಬರಲಾರಂಭಿಸಿದರು. ಮರಿಯನ್ನು ಕಂಡರೆ ಸಾಕು, "ಅಯ್ಯೋ ಮುದ್ದು, ಅಯ್ಯೋ ಬಂಗಾರ," ಎಂದು ಕರಗಿ ನೀರಾಗುತ್ತಿದ್ದರು. ಆಮೇಲೆ ನನ್ನ ಹತ್ತಿರ ಉನಿ ಇದೆಯೇ ಎಂದು ಕೇಳುತ್ತಿದ್ದರು.

"ತಾತ, ಸ್ವಲ್ಪ ಸುಮ್ನಿರ್ತೀರಾ? ನಾವು ಪ್ರಕೃತಿಪ್ರೇಮಿಗಳು," ಎಂದಿತು ಹಸಿರು ಟೋಪಿಯ ಒಬ್ಬ ಯಜಮಾನರ ಸವಾರಿ.

"ನಾನೂ ಪ್ರೇಮೀನೇ ಕಣಪ್ಪ. ಆದ್ರೆ ನಾನು ಪ್ರೀತಿಸಿದ್ದನ್ನ ಅದು ತಿಂತಾ ಇದೆ," ಎಂದ ಇವಾಓ.

ಜೂನ್ ತಿಂಗಳ ಒಂದು ಬೆಳಿಗ್ಗೆ ಮಂಜು ಆಗತಾನೇ ಸರಿದಿತ್ತು. ತೆರಿಗೆ ತನ್ನ ಮರಿಯನ್ನು ಪಾಚಿಯ ಎಳೆಗಳಲ್ಲಿ ಸುತ್ತಿ, ತೇಲಲು ಬಿಟ್ಟು, ಉನಿಗಾಗಿ ಮುಳುಗಿತು. ಅಷ್ಟರಲ್ಲಿ ಬಂಡೆಯ ಸಂದಿನಿಂದ ಬಿಳಿಬಾಲದ ಕಡಲಹದ್ದೊಂದು ಹಾರಿ ಮರಿಯತ್ತ ಇಳಿಯತೊಡಗಿತು. ಮರಿ ಕಿರ್ರೋ ಎಂದು ಕಿರುಚಿತು. ಪ್ರೇಮಿಗಳ ಕ್ಯಾಮೆರಾಗಳೆಲ್ಲ ಒಟ್ಟಿಗೆ ಮೇಲೆದ್ದವು. ಈಗ ಯಾರೂ ಬಂಗಾರ ಎನ್ನಲಿಲ್ಲ. "ಬಂತು, ಬಂತು! ಎತ್ತೋವಾಗ ತೆಗೀಬೇಕು," ಎಂದು ಹಸಿರು ಟೋಪಿ ಪಿಸುಗುಟ್ಟಿತು.

ಇವಾಓ ಎದ್ದ. ಮಂಡಿನೋವಿನ ಮುದುಕ ಅಷ್ಟು ಬೇಗ ಏಳುವುದನ್ನು ನಾನು ನೋಡಿಯೇ ಇರಲಿಲ್ಲ. ಬಂಡೆಯ ಅಂಚಿಗೆ ಓಡಿ, ಬಾಣಲೆ ಸೀಳುವಂತೆ ಬಡಿಯುತ್ತ, "ಏಯ್ ದರಿದ್ರದ ಹದ್ದೇ! ಬಡ್ಡಿ ಮೇಲೆ ಕಣ್ಣು ಹಾಕಿದ್ಯೋ, ರೆಕ್ಕೆ ಮುರೀತೀನಿ!" ಎಂದು ಕೂಗಿದ. ಹದ್ದು ಬೆದರಿ, ನೀರಿಗೆ ಉಗುರು ತಾಗಿಸಿ, ಬರಿಗಾಲಲ್ಲಿ ಮೇಲೆದ್ದು ಹೋಯಿತು. ತೆರಿಗೆ ಮೇಲೆ ಬಂತು. ಕೈಯಲ್ಲಿ ಇವಾಓನ ಉನಿಯೇ.

ಬಂಡೆಯ ಮೇಲೆ ಶೋಕಾಚರಣೆ ಶುರುವಾಯಿತು.

"ಜೀವಮಾನಕ್ಕೊಂದ್ಸಲ ಸಿಗೋ ಫೋಟೋ ರೀ! ಹಾಳು ಮಾಡಿದ್ರಲ್ಲ!" ಎಂದು ಹಸಿರು ಟೋಪಿ ಗೋಳಾಡಿತು. "ಪ್ರಕೃತಿ ಮಧ್ಯೆ ಮನುಷ್ಯ ತಲೆ ಹಾಕ್ಬಾರ್ದು!"

"ನಾನೆಲ್ಲಿ ತಲೆ ಹಾಕ್ದೆ? ನೀರುನಾಯೀನ ಓಡಿಸ್ತಿದ್ದೆ. ಹದ್ದು ಅಡ್ಡ ಬಂತು."

ನಾನು ಅವನಿಗೆ ಚಹಾ ಕೊಟ್ಟೆ. ಬಾಣಲೆ ಕೆಳಗಿಟ್ಟು ಕುಡಿದ. ಲೋಟ ಖಾಲಿಯಾದ ಮೇಲೆ ಹೇಳಿದ: "ಹಿಂದೆ ಇಲ್ಲಿ ಇವು ಬೇಕಾದಷ್ಟಿದ್ವಂತೆ. ತೊಗಲಿಗೋಸ್ಕರ ನಮ್ಮೋರೇ ಹೊಡೆದು ಮುಗಿಸಿದ್ರು ಅಂತಿದ್ದ ನಮ್ಮಪ್ಪ." ಮತ್ತೆ ಕಡಲು ನೋಡಿದ. "ಅವ್ರು ಆ ಕೆಲ್ಸಾನ ನೆಟ್ಟಗೆ ಮಾಡಿದ್ದಿದ್ರೆ ನನಗೀ ಗತಿ ಬರ್ತಿತ್ತಾ?"

ಬೈಗುಳದಲ್ಲಿ ಎಂದಿನ ಖಾರ ಇರಲಿಲ್ಲ.

ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಹೆಂಡತಿ ಬಾಗಿಲಲ್ಲೇ ನಿಂತು, "ಏನ್ರೀ, ನನ್ನ ಆಳಿನ ಮಗೂನ ಉಳಿಸಿದ್ರಂತೆ?" ಎಂದಳು. ಇವಾಓ ಬೂಟು ಬಿಚ್ಚುವುದರಲ್ಲಿ ಬಹಳ ಹೊತ್ತು ಕಳೆದನಂತೆ.

ಮರುವರ್ಷ ಅವನ ದೋಣಿ ನೀರಿಗಿಳಿಯಲಿಲ್ಲ. ಕೈಕಟ್ಟಿ ಕೂರುವ ಜಾತಿಯವನಲ್ಲ. ಒಂದು ದಿನ ಯಾರೂ ಕರೆಯದಿದ್ದರೂ ಹೆಂಡತಿಯ ಅಂಗಳಕ್ಕೆ ಹೋಗಿ ಪಾಚಿ ಹಾಸಲು ಬಗ್ಗಿದ. ಕಡಲಿನ ವಿಷಯದಲ್ಲಿ ತನಗೆ ಪಾಠ ಹೇಳುವವರು ಹುಟ್ಟಿಲ್ಲ ಎಂದು ಮೆರೆದ ಮನುಷ್ಯ, ಪಟ್ಟಿಗಳನ್ನು ಒಂದರ ಮೇಲೊಂದು ಒದ್ದೆ ಬಟ್ಟೆಯಂತೆ ಗುಡ್ಡೆ ಹಾಕಿದ.

"ಏನ್ರೀ ಇದು, ಪಾಚಿಗೆ ಚಳಿಯಾಗತ್ತೆ ಅಂತ ಹೊದಿಸಿದೀರಾ? ಬಿಡಿಸಿ ಹಾಸಿ!"

"ಹಾಸ್ತಿದೀನಲ್ಲೇ. ಕೂಗ್ಬೇಡ, ಅವ್ರಿವ್ರು ನೋಡ್ತಾರೆ."

"ನೋಡ್ಲಿ ಬಿಡಿ. ಮಂಜು ಬರೋದ್ರೊಳಗೆ ಮುಗೀಬೇಕು."

ಅವನು ಬಿಡಿಸಿ ಹಾಸಿದ. ಸೊಂಟ ಹಿಡಿದುಕೊಂಡು ನೆಟ್ಟಗಾಗಿ, ಊಟಕ್ಕೇನು ಎಂದು ಕೇಳಿದ.

"ಪಾಚಿ ಸಾರು," ಎಂದಳು ಫುಮಿಯೊ.

ಎರಡು ಬಟ್ಟಲು ಕುಡಿದು, ಉಪ್ಪು ಕಡಿಮೆಯೆಂದು ದೂರಿದ.